ನರಗುಂದದಲ್ಲೊಂದು ಜಲಾಂತರ್ಗಾಮಿ

ನರಗುಂದದಲ್ಲಿ ಕೂತು ಜಲಾಂತರ್ಗಾಮಿ ನಡೆಸುವವನಿಗೆ ಇಂಥ ಫಜೀತಿ ತಪ್ಪಿದ್ದಲ್ಲ. ಕಾಳಿನ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ನನಗೆ ಕಂಪ್ಯೂಟರಿನ ಈ ಆಟದ ಹುಚ್ಚು ಹಿಡಿಯಿತು. ಮುಸ್ಸಂಜೆ ಹಡಗನ್ನು ನೀರಿನ ಮೇಲೆ ತರಬೇಕು. ಚುಕ್ಕಿ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ನಾವೆಲ್ಲಿದ್ದೇವೆಂದು ಲೆಕ್ಕ ಹಾಕಬೇಕು. ಆಟದ ಗಡಿಯಾರವನ್ನು ನಾನು ಮನೆಯ ಗಡಿಯಾರಕ್ಕೇ ಹೊಂದಿಸಿಟ್ಟಿದ್ದೆ. ತಪ್ಪಾದದ್ದೇ ಅಲ್ಲಿ.

೧. ದೀಪದ ಹೊತ್ತು

ಚುಕ್ಕಿ ಮೂಡುವ ಹೊತ್ತಿಗೇ ನನ್ನ ಹೆಂಡತಿ ದೇವರಿಗೆ ದೀಪ ಹಚ್ಚಿ, ಟ್ಯೂಬ್‌ಲೈಟನ್ನೂ ಹಾಕಿದಳು. ಪರದೆಯ ಚುಕ್ಕಿಗಳೆಲ್ಲ ಮಾಯ. ಸಿಟ್ಟಿನಲ್ಲಿ ಹಡಗನ್ನು ಮುಳುಗಿಸಲು ಹೊರಟೆ.

"ದೀಪ ಹಚ್ಚೂ ಹೊತ್ತಿನ್ಯಾಗ ಯಾರರ ಮುಳಗತಾರೇನ್ರಿ? ಮೊದಲ ಕೈ ಮುಗೀರಿ!"

ಮುಗಿದೆ. ಅಷ್ಟರಲ್ಲಿ ಹಡಗು ಬಂಡೆಗೆ ಬಡಿದಿತ್ತು.

೨. ಇಷ್ಟೊಂದು ನೀರು

ಕಾಲುವೆ ನೀರಿಗೆ ಕಾದು ಬೇಸತ್ತ ಪಕ್ಕದ ಮನೆಯ ರೈತ ಪರದೆ ನೋಡುತ್ತ ನಿಂತ.

"ಇಷ್ಟ ನೀರ ಐತಿ, ಏನ ಬೆಳದೀರಿ?"

"ಸಮುದ್ರೋ ಮಾರಾಯಾ, ಉಪ್ಪನೀರು."

ಅವನಿಗೆ ಪಾಪ ಅನಿಸಿತು. "ಹಂಗಾರ ಮಾರಿಬಿಡ್ರಿ ಇದನ್ನ. ಒಂದ ಕರಿಮಣ್ಣಿನ ಎರಿ ಹೊಲ ತೊಗೊಳ್ರಿ."

೩. ಶರತ್ತು

ಹೆಂಡತಿ ಸಮುದ್ರ ನೋಡಿರಲಿಲ್ಲ. ಗೋಕರ್ಣಕ್ಕೆ ಹೋಗೋಣ ಎಂದೆ. ಯಾರನ್ನೂ ದಾರಿ ಕೇಳದ ನನ್ನ ಸ್ವಭಾವ ಬಲ್ಲವಳು ಅವಳು.

"ಮೊದಲ ಆ ಹಡಗ ಸುರಳೀತ ದಂಡಿಗೆ ತರ್ರಿ. ಆಮ್ಯಾಲೆ ನನ್ನ ಕರ್ಕೊಂಡ ಹೋಗ್ರಿ."

ನನ್ನ ಮಾನವೆಲ್ಲ ಆಟದ ಹಡಗಿನ ಮೇಲೆ ನಿಂತಿತು. ಆದರೂ ಅಂದಿನಿಂದ, ಚುಕ್ಕಿ ಅಳೆದಾಯಿತೆಂದು ನಾನು ತಲೆಯಾಡಿಸುವ ತನಕ ಅವಳು ಲೈಟು ಹಾಕುತ್ತಿರಲಿಲ್ಲ. ಕತ್ತಲಲ್ಲೇ ಸೊಪ್ಪು ಸೋಸುತ್ತ ಕೂತಿರುತ್ತಿದ್ದಳು.

ಒಂದು ಸಂಜೆ ಚುಕ್ಕಿ ಹೇಳಿದ ಕಡೆಗೇ ಬಂದರಿನ ದೀಪ ಕಂಡಿತು. "ದಂಡಿ ಮುಟ್ಟಿದೆ!" ಎಂದು ಕೂಗಿದೆ. ಅವಳು ತಂಬಿಗೆ ನೀರು ತಂದಳು.

"ಕಾಲ ತೊಳ್ಕೋರಿ."

"ನಾ ಎಲ್ಲಿ ಹೋಗಿದ್ನಲೇ?"

"ಸಮುದ್ರದಿಂದ ಬಂದೀರಿ. ಹಡಗಿನ್ಯಾಗ ಇನ್ನೂ ಎಷ್ಟ ಮಂದಿ ಅದಾರ? ರೊಟ್ಟಿ ಬಡೀಬೇಕಲ್ಲ."

೪. ಗೋಕರ್ಣ

ದಂಡೆಯಲ್ಲಿ ಅವಳು ನನ್ನ ತೋಳು ಹಿಡಿದು ಕೂತಳು. ಮೊದಲ ಚುಕ್ಕಿ ಮೂಡಿತು.

"ಇಷ್ಟ ದೊಡ್ಡದರಾಗ ದಿನಾ ಸಂಜಿಕ ನೀವೊಬ್ಬರ ಹೋಗತಿದ್ರೇನ್ರಿ?"

ಅದು ಬರೀ ಆಟವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಇನ್ನ ಮ್ಯಾಲೆ ನಾನೂ ಬರ್ತೀನಿ. ಚುಕ್ಕಿ ನೀವ ನೋಡ್ರಿ, ದಾರಿ ನಾ ಕೇಳ್ತೀನಿ."

"ನಡುಸಮುದ್ರದಾಗ ಯಾರನ್ನ ಕೇಳ್ತಿ?"

"ಯಾರರ ಸಿಗ್ತಾರ ತೊಗೊಳ್ರಿ."

ನಗುತ್ತ ಎದ್ದು, ಚುಕ್ಕಿ ನೋಡಿಕೊಂಡು ಲಾಡ್ಜಿನ ಕಡೆ ಧೈರ್ಯವಾಗಿ ಹೆಜ್ಜೆ ಹಾಕಿದೆ. ಹಿಂದಿನಿಂದ ಅವಳು ಕೂಗಿದಳು. ಆಗಲೇ ಅವಳು ಶೇಂಗಾ ಮಾರುವವಳನ್ನು ದಾರಿ ಕೇಳಿಯಾಗಿತ್ತು.

"ಆ ಕಡೆ ಅಲ್ರಿ ಕಪ್ತಾನ್ರ, ಈ ಕಡೆ ಬರ್ರಿ!"