ಹಿದಾಯತನ ಗಂಟಲಿಗೆ ಮೂರು ಚಹಾ

ಹಿಂದಿನ ಸಂಜೆ ಬಿಸಿಬಿಸಿ ಮಿರ್ಚಿ ನಾಲ್ಕು ತಿಂದು, ಬಾಯಿ ಉರಿದದ್ದಕ್ಕೆ ಐಸ್ ಹಾಕಿದ ನಿಂಬೆ ಸೋಡಾ ಕುಡಿದದ್ದೇ ತಪ್ಪಾಯಿತು. ಬೆಳಗ್ಗೆ ಎದ್ದ ಹಿದಾಯತ್ ಹೆಂಡತಿಯನ್ನು ಕರೆಯಲು ಬಾಯಿ ತೆರೆದರೆ, ಪಂಕ್ಚರ್ ಆದ ಟ್ಯೂಬಿನಂತೆ ಬರೀ ಗಾಳಿ ಬಂತು.

ಬೇರೆಯವರಾಗಿದ್ದರೆ ಒಂದು ದಿನ ಮೌನವ್ರತ ಎಂದು ಸುಮ್ಮನಿರಬಹುದಿತ್ತು. ಹಿದಾಯತನಿಗೆ ಗಂಟಲೇ ಹೊಟ್ಟೆಪಾಡು. ದಾವಣಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ನಿಂತು "ಹರಿಹರಾ, ಹರಿಹರಾ" ಎಂದು ಕೂಗಿ ಬಸ್ಸು ತುಂಬಿಸುವುದು ಅವನ ಹದಿನೆಂಟು ವರ್ಷದ ಕೆಲಸ. ಈಗ ಆ ಬಸ್ಸುಗಳನ್ನು ಹರಿಹರದ ಬಕ್ಕೇಶ್ ಕೊಂಡಿದ್ದ. ಇವತ್ತು ಮಧ್ಯಾಹ್ನ ಹರಿಹರಕ್ಕೇ ಬಂದು ತನ್ನೆದುರು ಕೂಗಿ ತೋರಿಸಬೇಕು, ಕೂಗು ಹಿಡಿಸದಿದ್ದರೆ ಕೆಲಸವಿಲ್ಲ ಎಂದು ಹೇಳಿಕಳಿಸಿದ್ದ.

"ಯಾ ಅಲ್ಲಾ, ಇವತ್ತೇ ಹೋಗ್ಬೇಕಾ ಈ ಗಂಟ್ಲು? ಕೂಡ್ರಿ, ಶುಂಠಿ ಚಾ ಮಾಡ್ತೀನಿ," ಎಂದ ಹೆಂಡತಿ ನುಜತ್, ಹೆಬ್ಬೆರಳು ಗಾತ್ರದ ಹಸಿಶುಂಠಿ ಜಜ್ಜಿ, ಗಟ್ಟಿ ಹಾಲಿನ ಚಹಾದಲ್ಲಿ ಕುದಿಸಿ, ಲೋಟ ಕೈಗಿಟ್ಟಳು. ಒಂದು ಗುಟುಕು ಇಳಿದಿರಲಿಲ್ಲ, ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ತಿಮ್ಮವ್ವ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಹಾಲು ಹಾಕೀಯೇನವ್ವ? ಕಫ ಕಟ್ಕಂತೈತೆ! ಮೊದ್ಲು ಹೇಳು, ಇದು ಉಷ್ಣಕ್ಕೆ ಆಗಿದ್ದೋ, ಶೀತಕ್ಕೆ ಆಗಿದ್ದೋ?"

ನುಜತ್ ಗಂಡನ ಮುಖ ನೋಡಿದಳು. ಹಿದಾಯತ್ ಯೋಚಿಸಿದ. ಮಿರ್ಚಿ ಉಷ್ಣ, ಸೋಡಾ ಶೀತ. ಎರಡೂ ಇಳಿದದ್ದು ಇದೇ ಗಂಟಲಲ್ಲಿ. ಯಾವುದರ ಮೇಲೆ ತಪ್ಪು ಹೊರಿಸುವುದು? ತಲೆಯನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ಅಡ್ಡಡ್ಡ ಆಡಿಸಿದ.

"ನೋಡು, ಅವನೇ ಒಪ್ಕಂಡ. ಶೀತ!" ಎಂದ ತಿಮ್ಮವ್ವ ಮನೆಗೆ ಓಡಿ, ಒಣಶುಂಠಿ, ಕಾಳುಮೆಣಸು, ಬೆಲ್ಲ ಹಾಕಿದ ಕಪ್ಪು ಚಹಾ ತಂದಳು. ಅದನ್ನು ಬಿಟ್ಟರೆ ನೆರೆಹೊರೆ ಕೆಡುತ್ತದೆ, ನುಜತಳದ್ದನ್ನು ಬಿಟ್ಟರೆ ಮನೆಯೇ ಕೆಡುತ್ತದೆ. ಹಿದಾಯತ್ ಎರಡನ್ನೂ ಕುಡಿದ. ಸಂಸಾರಸ್ಥನಿಗೆ ಬೇರೆ ದಾರಿ ಎಲ್ಲಿದೆ?

ನಿಲ್ದಾಣದಲ್ಲಿ ಏಜೆಂಟ್ ಸಣ್ಣಬೀರಪ್ಪ ಕಾಯುತ್ತಿದ್ದ. ಹಿದಾಯತನನ್ನು ಹರಿಹರಕ್ಕೆ ಕರೆದೊಯ್ಯುವ ಜವಾಬ್ದಾರಿ ಅವನದು. ಹಿದಾಯತ್ ಗಂಟಲು ಮುಟ್ಟಿ, ಇಲ್ಲವೆಂದು ಕೈ ಆಡಿಸಿದ.

"ಏನಲೇ, ಕಣ್ಣು ಕೆಂಪಗಾಗ್ಯಾವು! ಇದು ಪಕ್ಕಾ ಉಷ್ಣ. ಏನು ಕುಡಿದ್ಯೋ, ಬಾಯಿ ಮೆಣಸಿನ ವಾಸ್ನೆ ಹೊಡಿತೈತೆ? ಉಷ್ಣಕ್ಕೆ ಯಾರಾದ್ರೂ ಮೆಣಸು ಕುಡೀತಾರೇನೋ?"

ಕಣ್ಣು ಕೆಂಪಾದದ್ದೇ ಆ ಮೆಣಸಿನಿಂದ ಎಂದು ಹಿದಾಯತ್ ಕೈಸನ್ನೆಯಲ್ಲಿ ಹೇಳಹೋದ. ಅದು ಸಣ್ಣಬೀರಪ್ಪನಿಗೆ 'ಇನ್ನೊಂದು ಚಹಾ ಹೇಳು' ಎಂದಂತೆ ಕಂಡಿತು. ಅಂಗಡಿಯಿಂದ ಹಾಲಿಲ್ಲದ ಶುಂಠಿ ಚಹಾ ತರಿಸಿ, ಅದಕ್ಕೆ ಒಂದಿಡೀ ನಿಂಬೆಹಣ್ಣು ಹಿಂಡಿಸಿದ. "ಶುಂಠಿ ಗಂಟ್ಲಿಗೆ, ನಿಂಬೆ ಉಷ್ಣಕ್ಕೆ. ಕುಡಿ, ಕುಡಿ." ಉಷ್ಣವಾದರೆ ಶುಂಠಿ ಯಾಕೆ, ಶೀತವಾದರೆ ನಿಂಬೆ ಯಾಕೆ? ಕೇಳಲು ಧ್ವನಿಯಿಲ್ಲ. ಕುಡಿದ.

ನುಜತಳ ಹಾಲೂ ಸಣ್ಣಬೀರಪ್ಪನ ನಿಂಬೆಯೂ ಹೊಟ್ಟೆಯಲ್ಲಿ ಭೇಟಿಯಾದವು. ಆಮೇಲೆ ಏನಾಯಿತು ಎನ್ನುವುದನ್ನು ಪನೀರು ಮಾಡುವವರನ್ನು ಕೇಳಬೇಕು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಿದಾಯತನ ಹೊಟ್ಟೆ ಗುಡುಗುತ್ತಿತ್ತು. ಪಕ್ಕ ಕೂತಿದ್ದವನು ಎದ್ದು ಹಿಂದಿನ ಸೀಟಿಗೆ ಹೋದ.

ಹರಿಹರದ ನಿಲ್ದಾಣದಲ್ಲಿ ಬಕ್ಕೇಶ್ ಕೈಯಲ್ಲಿ ಮೊಬೈಲ್ ಹಿಡಿದು ನಿಂತಿದ್ದ. "ಏನಪ್ಪಾ, ಬಾಳ ಹೆಸರು ಕೇಳೀನಿ. ಕೂಗು ನೋಡಾಣ."

ಹಿದಾಯತ್ ಕಣ್ಣು ಮುಚ್ಚಿ ಬಾಯಿ ತೆರೆದ. ಮೊದಲು ಬಂದದ್ದು ಒಂದು ಘನವಾದ ತೇಗು. ಅದರ ಬೆನ್ನಿಗೇ ಕಟ್ಟೆ ಒಡೆದಂತೆ ಧ್ವನಿ ಬಂತು. "ಹರಿಹರಾ! ಹರಿಹರಾ! ಬರ್ರಿ, ಬರ್ರಿ, ಸೀಟ್ ಐತೆ, ಹರಿಹರಾ!"

ಅಲ್ಲೇ ಬಸ್ಸಿಳಿಯುತ್ತಿದ್ದ ಹೆಂಗಸೊಬ್ಬಳು ಗಾಬರಿಯಾಗಿ ಚೀಲ ಎಳೆದುಕೊಂಡು ಮತ್ತೆ ಹತ್ತಿದಳು. "ಹಂಗಾದ್ರೆ ಇದು ಯಾವೂರಪ್ಪಾ?"

"ಭೇಷ್!" ಎಂದ ಬಕ್ಕೇಶ್. "ತೇಗಿಲ್ದಂಗೆ ಇನ್ನೊಂದ್ಸಲ ಕೂಗು." ಯಾಕೆಂದು ತಿಳಿಯದಿದ್ದರೂ ಹಿದಾಯತ್ ಕೂಗಿದ. ಅವನು ಇನ್ನೊಮ್ಮೆ ಎಂದ, ಇವನು ಇನ್ನೊಮ್ಮೆ ಕೂಗಿದ. ಜೀವಮಾನದಲ್ಲೇ ಇಷ್ಟು ಚೆನ್ನಾಗಿ ಕೂಗಿರಲಿಲ್ಲ. ಗುಣವಾದದ್ದು ಮೂರರಲ್ಲಿ ಯಾವ ಚಹಾದಿಂದಲೋ ಗೊತ್ತಾಗದೆ ಮೂವರನ್ನೂ ಮನಸ್ಸಿನಲ್ಲೇ ಹರಸಿದ.

ಬಕ್ಕೇಶ್ ಮೊಬೈಲನ್ನು ಜೇಬಿಗಿಟ್ಟು, ಈರುಳ್ಳಿ ಗಾಡಿಯವರು ಕಟ್ಟಿಕೊಳ್ಳುವಂಥ ಪುಟ್ಟ ಸ್ಪೀಕರನ್ನು ಹೊರತೆಗೆದು ಗುಂಡಿ ಒತ್ತಿದ. ಅದರೊಳಗಿಂದ ಹಿದಾಯತನೇ ಕೂಗತೊಡಗಿದ.

"ದಾವಣಗೆರೆ ಸ್ಟ್ಯಾಂಡಿನಾಗೆ ಇದನ್ನ ತೂಗ್ಹಾಕ್ರಿ ಸಣ್ಣಬೀರಪ್ಪ. ಇದಕ್ಕೆ ಉಷ್ಣಿಲ್ಲ, ಶೀತಿಲ್ಲ. ಹಿದಾಯತ್, ನಾಳಿಂದ ನೀನು ಮನ್ಯಾಗೆ ಆರಾಮಿರಪ್ಪ."

ಅಷ್ಟರಲ್ಲಿ ನುಜತಳ ಫೋನ್ ಬಂತು.

"ಏನ್ರೀ, ಗಂಟ್ಲು ಬಂತಾ?"

"ಬಂತು. ಮಾಲೀಕ್ರು ಅದನ್ನ ಇಟ್ಕಂಡು ನನ್ನ ವಾಪಸ್ ಕಳಿಸ್ಯಾರ."