ಕೊನೆಯ ಎರಡು ರೀಲು

ನನ್ನ ಸೋದರಮಾವನಷ್ಟು ಇಂಗ್ಲಿಷ್ ಪ್ರೇಮಕತೆಗಳನ್ನು ನೋಡಿದವರು ಇಡೀ ಅಕ್ಕಲಕೋಟ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಅಷ್ಟೂ ಕತೆಗಳಲ್ಲಿ ಒಂದೇ ಒಂದು ಜೋಡಿ ಒಂದಾದದ್ದನ್ನು ಅವರು ಕಣ್ಣಾರೆ ಕಂಡಿರಲಿಲ್ಲ! ಅವರನ್ನು ಕೇಳಿದರೆ, ಬಿಳಿಯರ ದೇಶದಲ್ಲಿ ಹುಡುಗ ಹುಡುಗಿ ಭೆಟ್ಟಿಯಾಗುತ್ತಾರೆ, ಹಾಡುತ್ತಾರೆ, ಮೆಟ್ಟಿಲುಗಳ ಮೇಲೆ ಕುಣಿಯುತ್ತಾರೆ, ಆಮೇಲೆ ಜಗಳಾಡಿ ಒಬ್ಬರು ಪೂರ್ವಕ್ಕೆ ಒಬ್ಬರು ಪಶ್ಚಿಮಕ್ಕೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಕಾರಣವೇನು ಗೊತ್ತೇ? ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ಎಸ್.ಟಿ. ಗಾಡಿ ಸಂಜೆ ಐದೂಕಾಲಿಗೆ ಬಿಡುತ್ತಿತ್ತು!

ಇದು ಐವತ್ತರ ದಶಕದ ಮಾತು. ಮಾಮಾ ಅಕ್ಕಲಕೋಟದ ಕಚೇರಿಯಲ್ಲಿ ಕಾರಕೂನರು. ಪ್ರತಿ ಶನಿವಾರ ಕಾಗದಪತ್ರಗಳ ಗಂಟು ಹೊತ್ತು ಸೊಲ್ಲಾಪುರದ ದೊಡ್ಡ ಕಚೇರಿಗೆ ಬರುವರು. ಅದನ್ನು ಅಲ್ಲಿ ಒಪ್ಪಿಸಿ ಕೈ ಝಾಡಿಸಿದರೆಂದರೆ ಮೂರು ಗಂಟೆಗೆ ಇಂಗ್ಲಿಷ್ ಪಿಚ್ಚರು. ನಾನು ಆಗ ಅಲ್ಲೇ ಒಂದು ಮಿಲ್ಲಿನ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಬಾಡಿಗೆಗೆ ಒಂದು ಖೋಲಿ ಹಿಡಿದು ಇದ್ದೆ. ಬಿಟ್ಟಾರೆಯೇ?

"ನಡಿ ತಮ್ಮಾ, ನಿನಗ ಇಂಗ್ಲಿಷ್ ತಿಳೀತೈತಿ" ಎಂದು ಎಳೆದುಕೊಂಡು ಹೋಗುವರು. ನನಗೆ ತಿಳಿಯುತ್ತಿದ್ದದ್ದು ಮಿಲ್ಲಿನ ಪತ್ರಗಳ ಇಂಗ್ಲಿಷು. ಆ ಪತ್ರಗಳಲ್ಲಿ ಯಾರೂ ಯಾರನ್ನೂ ಪ್ರೀತಿಸುತ್ತಿರಲಿಲ್ಲ.

ಮಾಮಾನ ಪಕ್ಕದಲ್ಲಿ ಕೂತು ಪಿಚ್ಚರು ನೋಡುವುದು ಪೂರ್ವಜನ್ಮದ ಪಾಪ ಕಳೆಯುವ ಮಾರ್ಗ. ತೆರೆಯ ಮೇಲೆ ನಾಯಕ ಬೂಟುಗಾಲಿನಲ್ಲಿ ಟಕಟಕ ಕುಣಿಯತೊಡಗಿದನೋ, ಇತ್ತ ಮಾಮಾನ ಕಬ್ಬಿಣದ ನಾಲು ಬಡಿದ ಜೋಡೂ ಟಕಟಕ ಶುರು! ಒಮ್ಮೆ ಮುಂದಿನ ಕುರ್ಚಿಯವನು ತಿರುಗಿ, ಕುಣಿಯುವುದಿದ್ದರೆ ಮೇಲೆ ಹೋಗಿ ಕುಣಿಯಿರಿ ಕಾಕಾ, ಎಂದು ಮರಾಠಿಯಲ್ಲಿ ಗದರಿದ. ಮಾಮಾ ಒಂದು ಕ್ಷಣ ತೆರೆಯ ಕೆಳಗಿನ ಕಟ್ಟೆಯನ್ನು ಅಳೆದು ನೋಡಿ, "ಅಲ್ಲಿ ಮೆಟ್ಟಲಾ ಎಲ್ಲಿ ಅದಾವು?" ಎಂದರು. ನಾನು ಅವರ ಪರಿಚಯವೇ ಇಲ್ಲದವನಂತೆ ಗೋಡೆ ನೋಡುತ್ತ ಕೂತೆ.

ಅದೂ ಹೋಗಲಿ. ನಾಯಕ ಮಂಡಿಯೂರಿ ನಾಯಕಿಯ ಕೈಹಿಡಿದು ಹಾಡುವಾಗ, ಇಡೀ ಥೇಟರು ಉಸಿರು ಬಿಗಿಹಿಡಿದಿರುವಾಗ, ನನ್ನ ಪಕ್ಕೆಗೆ ಒಂದು ತಿವಿತ.

"ತಮ್ಮಾ, ಇವರ ಮನ್ಯಾಗ ಒಲಿ ಎಲ್ಲೈತಿ?"

"ಒಲೀನ? ಮಾಮಾ, ಹಾಡು ಕೇಳ್ರಿ!"

"ಹಾಡು ಕೇಳೀನಿ. ನಿಮ್ಮ ಮಾಮಿ ಕೇಳತಾಳ, ಅಷ್ಟ ದೊಡ್ಡ ಮನ್ಯಾಗ ಅಡಗಿ ಯಾರ ಮಾಡತಾರ, ಆ ಮೆಟ್ಟಲಾ ಯಾರ ಕಸಾ ಹೊಡೀತಾರ ಅಂತ. ಹೋದ ವಾರ ಹೇಳಾಕ ಬರಲಿಲ್ಲ."

ಪಾಪ, ಸಿನಿಮಾ ತೆಗೆದವರು ಲಕ್ಷಗಟ್ಟಲೆ ಸುರಿದು ಏನೇನೋ ತೋರಿಸಿದ್ದರು. ಒಲೆ ತೋರಿಸುವುದೊಂದು ಮರೆತಿದ್ದರು.

ಇನ್ನು ಐದು ಗಂಟೆಯ ಮಾತು. ನಾಯಕಿ ಕಣ್ಣೀರು ಒರೆಸಿಕೊಂಡು ರೈಲು ಹತ್ತಿರುತ್ತಾಳೆ, ನಾಯಕನಿಗೆ ಬುದ್ಧಿ ಬಂದು ಅವನು ನಿಲ್ದಾಣದ ಕಡೆ ಓಡತೊಡಗಿರುತ್ತಾನೆ. ಮಾಮಾನೂ ಎದ್ದು ಓಡತೊಡಗುತ್ತಾರೆ! ಕತ್ತಲಲ್ಲಿ ಹತ್ತು ಜನರ ಕಾಲು ತುಳಿದು, ಟೋಪಿ ಬೀಳಿಸಿ, ಅದನ್ನು ಹುಡುಕಲು ಮತ್ತೆ ಅದೇ ಹತ್ತು ಜನರ ಕಾಲು ತುಳಿದು, ಹೊರಗೆ. ಸುತ್ತಲಿನವರ ಬೈಗುಳಕ್ಕೆ ವಾರಸುದಾರ ನಾನು. "ಮಾಮಾ, ಕಡೀಕ ಲಗ್ನ ಆಗತಾವು, ಇನ್ನೆರಡ ರೀಲು ಕೂಡ್ರಿ, ರಾತ್ರಿ ನಮ್ಮ ಖೋಲ್ಯಾಗ ಇರ್ರಿ" ಎಂದು ಎಷ್ಟು ಸಲ ಅಂಗಲಾಚಿದೆನೋ! "ಮಾಮಿ ಹಾದಿ ನೋಡತಿರತಾಳ" ಎಂಬ ಒಂದೇ ಉತ್ತರ.

ಕೊನೆ ನೋಡದೆ ಸುಮ್ಮನಿದ್ದರಾದರೂ ಆಗುತ್ತಿತ್ತು. ಮಾಮಾ ಊರಿಗೆ ಹೋಗಿ ಅರ್ಧ ಕತೆ ಹೇಳುವರು, ಜನ್ಮದಲ್ಲಿ ಥೇಟರಿನ ಬಾಗಿಲು ಕಾಣದ ಮಾಮಿ ಉಳಿದರ್ಧ ಕಟ್ಟುವರು! ಮಾಮಿಯ ಕೈಗೆ ಸಿಕ್ಕ ನಾಯಕರಿಗೆ ಸುಖವಿಲ್ಲ. ಒಬ್ಬನು ಹುಡುಗಿಯ ಅಜ್ಜಿಯ ಕಾಲು ಹಿಡಿಯಬೇಕಾಯಿತು, ಇನ್ನೊಬ್ಬನು ಮಾವನ ಹೊಲದಲ್ಲಿ ಒಂದು ವರ್ಷ ದುಡಿಯಬೇಕಾಯಿತು. ಈ ಕತೆಗಳು ಹಿತ್ತಿಲ ಗೋಡೆ ಹಾರಿ ಓಣಿ ತುಂಬ ಹಬ್ಬಿದವು. ಒಮ್ಮೆ ನಾನು ಅಕ್ಕಲಕೋಟಕ್ಕೆ ಹೋದಾಗ ನೆರೆಮನೆಯಾಕೆ ನನ್ನನ್ನು ತಡೆದು, "ಆ ಕೆಂಪ ಕೂದಲಾಕಿ ಗಂಡ ಕುಡ್ಯೂದ ಬಿಟ್ಟನಂತ, ಖರೇ ಏನ್ರಿ?" ಎಂದು ಕೇಳಿದರು. ಆ ಪಿಚ್ಚರಿನಲ್ಲಿ ಕುಡಿಯುವ ಗಂಡನೇ ಇರಲಿಲ್ಲ! ಮ್ಯಾಟ್ರಿಕ್ ಪಾಸಾದವನು ಇದನ್ನೆಲ್ಲ ಎಷ್ಟಂತ ಸಹಿಸಬೇಕು?

ಇಷ್ಟರಲ್ಲಿ ಒಂದು ದಿನ ಯಾರನ್ನೋ ಕಳಿಸಲು ಸ್ಟ್ಯಾಂಡಿಗೆ ಹೋದವನಿಗೆ ಗೊತ್ತಾಯಿತು: ಅಕ್ಕಲಕೋಟಕ್ಕೆ ಆರೂವರೆಗೂ ಒಂದು ಗಾಡಿ ಇದೆ! ಎಂದಿನಿಂದ ಎಂದು ಕಂಡಕ್ಟರನನ್ನು ಕೇಳಿದೆ. ಮೊದಲಿನಿಂದಲೂ ಇದೆ ಎಂದ. ಮೈಯೆಲ್ಲ ಉರಿದುಹೋಯಿತು. ಮುಂದಿನ ಶನಿವಾರ ಮಾಮಾನನ್ನು ಹಿಡಿದು ಕೇಳಿದರೆ, "ಆ ಗಾಡಿ ಬಾಳ ಎತ್ತಿ ಹಾಕತೈತಿ" ಎಂದರು. ಐದೂಕಾಲಿನ ಗಾಡಿ ಏನು ತೊಟ್ಟಿಲು ತೂಗಿದ ಹಾಗೆ ಹೋಗುತ್ತಿತ್ತೇ? ಅವತ್ತೂ ಎದ್ದು ಓಡಿದರು. ಈ ಹುಚ್ಚಾಟಕ್ಕೆ ನಾನೇ ಮಂಗಳ ಹಾಡುತ್ತೇನೆಂದು ನಿಶ್ಚಯಿಸಿ, ಪಿಚ್ಚರನ್ನು ಪೂರ್ತಿ ನೋಡಿ, ಮರುದಿನ ಮುಂಜಾನೆಯೇ ಅಕ್ಕಲಕೋಟಕ್ಕೆ ಹೊರಟೆ.

ಮಾಮಿ ರೊಟ್ಟಿ ಬಡಿಯುತ್ತಿದ್ದರು. ಮಾಮಾ ಹೊಸ್ತಿಲ ಮೇಲೆ ಕೂತು ಕತೆ ಹೇಳುತ್ತಿದ್ದರು. ಶ್ರೀಮಂತರ ಮಗಳು, ಪಿಯಾನೋ ಬಾರಿಸುವ ಹುಡುಗ. ಜಗಳವಾಯಿತು, ಹುಡುಗಿ ಹಡಗು ಹತ್ತಿದಳು. "ಮುಂದ ಗೊತ್ತಿಲ್ಲ, ಗಾಡಿ ಹೊತ್ತಾಗಿತ್ತು" ಎಂದರು ಮಾಮಾ. ಮಾಮಿಯ ಕೈ ರೊಟ್ಟಿಯ ಮೇಲೆ ನಿಂತಿತು. "ಆಕಿ ಹಡಗದಾಗ..." ಎಂದು ಶುರುಮಾಡಿದರು.

"ಮಾಮಿ, ನಾ ಪೂರಾ ನೋಡೀನಿ!" ನಾನು ನಡುವೆ ಬಾಯಿ ಹಾಕಿದೆ. "ಅಂವಾ ಮೊದಲ ಹೋಗಿ ಆ ಹಡಗದಾಗ ಕುಂತಿದ್ದ. ಇಬ್ಬರೂ ಕೂಡಿ ಕುಣದರು. ಲಗ್ನ ಆತು. ಮುಗೀತು."

"ಹೌದೇನಪಾ? ಛಲೋ ಆತು ಬಿಡು."

ಅಷ್ಟೇ. ಮಾಮಿ ಮತ್ತೆ ರೊಟ್ಟಿ ಬಡಿಯತೊಡಗಿದರು. ಊಟಕ್ಕೆ ಕೂತೆವು. "ಪಲ್ಯಾ ಹಾಕಲಿ?" ಎಂದರು ಮಾಮಿ, "ಸಾಕು" ಎಂದರು ಮಾಮಾ. ಊಟ ಮುಗಿಯುವವರೆಗೆ ಆ ಮನೆಯಲ್ಲಿ ಬೇರೆ ಮಾತಿಲ್ಲ. ಗೆದ್ದವನು ನಾನು, ಆದರೆ ಎರಡನೆಯ ರೊಟ್ಟಿ ಬೇಡವೆಂದೆ.

ಕೈತೊಳೆಯುವ ನೆಪದಲ್ಲಿ ಮಾಮಾ ನನ್ನನ್ನು ಹಿತ್ತಿಲಿಗೆ ಕರೆದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ತಮ್ಮಾ, ನಮ್ಮ ಅವ್ವ ಅಪ್ಪ ಇರೂತನಕ ಹಿರ್ಯಾರ ಮುಂದ ಹೆಂಡತಿ ಜೋಡಿ ಮಾತಾಡೂ ಹಂಗ ಇರಲಿಲ್ಲ. ಹದಿನಾಲ್ಕ ವರ್ಷ ಹಂಗ ಹೋತು. ಅವರು ಹ್ವಾದಮ್ಯಾಲೆ ಮನ್ಯಾಗ ಇಬ್ಬರ ಉಳಿದಿವಿ. ಆದರ ಏನ ಮಾತಾಡೂದು ಅಂತ ಇಬ್ಬರಿಗೂ ತಿಳೀಲಿಲ್ಲ. ಪಲ್ಯಾ ಹಾಕಲಿ, ಸಾಕು. ಅಷ್ಟ." ಚೊಂಬು ಕೆಳಗಿಟ್ಟರು. "ಮೊದಲನೇ ಸಲ ಇಂಗ್ಲಿಷ್ ಪಿಚ್ಚರಕ್ಕ ಹ್ವಾದ ಶನಿವಾರ, ಜ್ವರಾ ಬಂದಂಗಾಗಿ ಅರ್ಧಕ್ಕ ಬಿಟ್ಟ ಬಂದೆ. ಮುಂದೇನಾತು ಅಂದಳು. ಗೊತ್ತಿಲ್ಲ ಅಂದೆ. ಒಲಿ ಆರಿದ್ದ ಆಕಿಗಿ ಗೊತ್ತಾಗಲಿಲ್ಲ ನೋಡು, ಅಷ್ಟೊತ್ತು ಮಾತಾಡಿದಳು. ಆಕಿ ದನಿ ಅಷ್ಟ ಚಂದ ಐತಿ ಅಂತ ನನಗ ಆವತ್ತು ಗೊತ್ತಾತು."

ನನ್ನ ಮ್ಯಾಟ್ರಿಕ್ಕಿಗೆ ಬೆಂಕಿ ಬಿತ್ತು. ಸೀದಾ ಒಳಗೆ ಹೋದೆ.

"ಮಾಮಿ, ತಪ್ಪಾತ್ರಿ. ನಾ ಹೇಳಿದ್ದ ಬ್ಯಾರೆ ಪಿಚ್ಚರಿಂದು. ಇದರ ಕಡೀಕ ನನಗ ನಿದ್ದಿ ಹತ್ತಿತ್ತು."

ಮಾಮಿ ನನ್ನ ಮುಖವನ್ನೇ ನೋಡಿದರು. ನಂಬಿದರೋ ಇಲ್ಲವೋ, ದೇವರೇ ಬಲ್ಲ.

"ನಾನೂ ಅದನ ಅಂದಕೊಂಡೆ. ಆಕಿ ಅಷ್ಟ ಲಗೂ ಒಪ್ಪೂ ಹುಡಗಿ ಅಲ್ಲ" ಎಂದರು. "ಆಕಿ ಮುಂದಿನ ಊರಾಗ ಇಳದಾಳ. ಅಂವಾ ಹುಡಿಕ್ಯಾಡಿಕೋತ ಅಲ್ಲೀಗೇ ಬರತಾನ."

"ಬಂದು?" ಬಾಗಿಲಲ್ಲಿ ನಿಂತಿದ್ದ ಮಾಮಾ ಕೇಳಿದರು.

"ಬಂದು ಹಾಡಂಗಿಲ್ಲ, ಕುಣ್ಯಂಗಿಲ್ಲ. ನಿನಗೇನ ಬೇಕು ಅಂತ ಕೇಳತಾನ. ಅಪ್ಪ ಕೇಳಿಲ್ಲ, ಅವ್ವ ಕೇಳಿಲ್ಲ, ಇಂವಾನೂ ಇಷ್ಟ ದಿನಾ ಕೇಳಿರಲಿಲ್ಲ. ಆಕೀನ್ನ ಅದನ್ನ ಯಾರೂ ಕೇಳೇ ಇಲ್ಲ ನೋಡ್ರಿ."

ಮಾಮಾ ಒಳಗೆ ಬಂದು ಕೆಳಗೆ ಕೂತರು. ಆಮೇಲೆ ಬಹಳ ಮೆಲ್ಲಗೆ, "ಏನ ಬೇಕಂತ ಆಕಿಗಿ?" ಎಂದರು.

"ತಡೀರಿ, ಹೇಳತೀನಿ" ಎಂದು ಮಾಮಿ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದರು. ಗಂಡನ ಎದುರಿಗೆ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಜೋಡು ಮೆಟ್ಟಿಕೊಂಡು ಹೊರಗೆ ಬಂದೆ.