ಸ್ಟಾರ್ಟರ್ ಖಾತೆ

ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ನಾಳೆಯ ತಿಂಡಿ ಏನೆಂದು ತೀರ್ಮಾನಿಸುವ ಅಧಿಕಾರ ನಮ್ಮ ಮನೆಯಲ್ಲಿ ನನಗೆ ಸಿಕ್ಕಿಲ್ಲ. ಮೊದಲು ಅದು ಅಮ್ಮನ ಕೈಯಲ್ಲಿತ್ತು. ಆಮೇಲೆ ಯಾವ ಚುನಾವಣೆಯೂ ಇಲ್ಲದೆ ನನ್ನ ಹೆಂಡತಿ ಪ್ರೇಮಲತಾಳ ಕೈಗೆ ಹೋಯಿತು. ಹೋಗುವ ದಾರಿಯಲ್ಲಿ ಒಂದು ದಿನ ನನ್ನ ಹತ್ತಿರ ತಂಗಿ ಹೋಗಬಾರದಿತ್ತೇ? ಸಾರಿಗೆ ಉಪ್ಪು ಹೆಚ್ಚಾಗಿದೆ ಎನ್ನುವ ಹಕ್ಕೂ ನನಗಿಲ್ಲ. (ಕಡಿಮೆಯಾಗಿದೆ ಎನ್ನಬಹುದು. ಆಗ ನಾನೇ ಎದ್ದು ಹೋಗಿ ತಂದುಕೊಳ್ಳಬೇಕು.)

ಇಂಥ ನನಗೆ ಈ ಡಿಸೆಂಬರಿನಲ್ಲಿ ಒಂದು ಖಾತೆ ಸಿಕ್ಕಿತು.

ನಮ್ಮ ಆಫೀಸಿನ ಚೌರಪ್ಪ ಹರಿಹರದವನು. ಪ್ರತಿ ವರ್ಷ ಕ್ರಿಸ್‌ಮಸ್ ಸಂಜೆ ಆಫೀಸಿನ ಐದಾರು ಮನೆಯವರಿಗೆ ಅವನಲ್ಲೇ ಊಟ. ದೊಡ್ಡ ಅಡುಗೆಯೆಲ್ಲ ಅವನ ಹೆಂಡತಿ ಜಪಮಾಲಾ ಟೀಚರದ್ದು, ಉಳಿದವರು ಒಂದೊಂದು ಪದಾರ್ಥ ಒಯ್ಯಬೇಕು. ಈ ಸಲ ಟೀಚರ್ ವಾಟ್ಸಾಪ್ ಗುಂಪಿನಲ್ಲಿ ಖಾತೆಗಳನ್ನು ಹಂಚಿಯೇಬಿಟ್ಟರು. ಉಮಾಮಹೇಶ್ವರಿ ಮೇಡಂಗೆ ಸಿಹಿ, ನಿಂಗರಾಜನಿಗೆ ಕುಡಿಯುವ ನೀರಿನ ಕ್ಯಾನು, ನನಗೆ ಸ್ಟಾರ್ಟರ್. ಪ್ರೇಮಲತಾಳ ಹೆಸರಿಗಲ್ಲ, ಸಾಕ್ಷಾತ್ ನನ್ನ ಹೆಸರಿಗೆ!

ಸುದ್ದಿ ಕೇಳಿದ ಅಮ್ಮ ಗಾಬರಿಯಾದರು. "ಅವ್ರ ಮನೇದು ಸುಟ್ಟೋಗೈತೇನೋ?" ಎಂದರು. ನಮ್ಮೂರು ಕುಕ್ಕುವಾಡದ ಹೊಲದಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ವರ್ಷಕ್ಕೆರಡು ಸಲ ಸುಡುವುದನ್ನು ಕಂಡವರು ಅವರು.

"ಆ ಸ್ಟಾರ್ಟರ್ ಅಲ್ಲಮ್ಮ. ಊಟಕ್ಕೆ ಮುಂಚೆ ಹಸಿವು ಎಬ್ಸಾಕ ತಿನ್ನೋದು."

"ಹಸಿವಿಲ್ದೋರು ಊಟಕ್ಕೆ ಯಾಕ ಹೋಗ್ತಾರೋ?"

ಅಷ್ಟರಲ್ಲಿ ಪ್ರೇಮಲತಾ ನನ್ನ ಖಾತೆಗೆ ಕೈಹಾಕಿದ್ದಳು. "ಹೋಟ್ಲಿಂದ ಗೋಬಿ ಮಂಚೂರಿ ಪಾರ್ಸಲ್ ತರ್ರಿ. ಕಡ್ಡಿ ಚುಚ್ಚಿ ತಟ್ಟೇಲಿ ಇಟ್ರೆ ಮುಗೀತು."

"ಇಲ್ಲ," ಎಂದೆ. ನನ್ನ ದನಿ ನನಗೇ ಅಪರಿಚಿತವೆನಿಸಿತು. "ದಾವಣಗೆರೆಯವರು ನಾವು. ಮಂಡಕ್ಕಿ, ಬಿಸಿ ಬಿಸಿ ಮಿರ್ಚಿ ಬಜ್ಜಿ. ಅಲ್ಲೇ ಕರಿದು ಕೊಡೋದು."

"ಕ್ರಿಸ್‌ಮಸ್ ಊಟಕ್ಕೆ ಮಂಡಕ್ಕೀನಾ? ಆ ಉಮಾಮಹೇಶ್ವರಿ ಮುಂದೆ ನಾನು ತಲೆ ಎತ್ತೋದು ಬ್ಯಾಡೇನ್ರಿ? ಯಾರೂ ಮುಟ್ಟಲ್ಲ, ಬರ್ದಿಟ್ಕಳ್ರಿ."

"ಮುಟ್ಟಿದ್ರೆ?"

ಅವಳು ಅಡುಗೆಮನೆಯಿಂದ ದೊಡ್ಡ ಸ್ಟೀಲ್ ಡಬ್ಬಿ ತಂದು ನಡುಮನೆಯಲ್ಲಿ ಕುಕ್ಕಿದಳು. "ಮಂಡಕ್ಕಿ ಇದ್ರಾಗ ತುಂಬ್ಕೊಂಡು ಹೋಗೋಣ. ಡಬ್ಬಿ ಖಾಲಿ ಬಂದ್ರೆ ಪ್ರತಿ ಭಾನುವಾರದ ತಿಂಡಿ ನೀವು ಹೇಳಿದ್ದು. ತುಂಬಿ ಬಂದ್ರೆ ಇನ್ಮೇಲೆ ಅಡಿಗೆ ವಿಷ್ಯಕ್ಕೆ ಬಾಯಿ ಬಿಡಂಗಿಲ್ಲ. ಅತ್ತೇನೇ ಸಾಕ್ಷಿ."

ಭಾನುವಾರ! ವರ್ಷಕ್ಕೆ ಐವತ್ತೆರಡು! ನಾನು ಒಪ್ಪಿದೆ.

ಮಾರನೆಯ ದಿನ ರೌಫ್ ಭಾಯಿಯ ಮಂಡಕ್ಕಿ ಭಟ್ಟಿಗೆ ಹೋದೆ. "ಎಷ್ಟು ಮಂದಿಗೆ ಸಾರ್?" ಎಂದು ಕೇಳಿದರು. ಇಪ್ಪತ್ತೈದು ಎಂದೆ. "ಅರ್ಧ ಚೀಲ ಒಯ್ರಿ. ಹೆಚ್ಚಾತು ಅಂತ ಅಂಜಬ್ಯಾಡ್ರಿ, ಮುಕ್ಕಾಲು ಗಾಳೀನೇ ಐತೆ." ತಮ್ಮ ಸರಕಿನ ಬಗ್ಗೆ ಇಷ್ಟು ಸತ್ಯ ನುಡಿಯುವ ಇನ್ನೊಬ್ಬ ವ್ಯಾಪಾರಿಯನ್ನು ನಾನು ಕಂಡಿಲ್ಲ. ಮಂಡಕ್ಕಿಗೆ ಬೆಳ್ಳುಳ್ಳಿ, ಹುರಿಗಡಲೆ, ಶೇಂಗಾ ಹಾಕಿ ಒಗ್ಗರಣೆ ಕೊಟ್ಟವಳು ಪ್ರೇಮಲತಾ. ಮಾರ್ಗದರ್ಶನ ನನ್ನದು. (ಬಾಗಿಲ ಹೊರಗಿನಿಂದ.)

ಕ್ರಿಸ್‌ಮಸ್ ಸಂಜೆ ನಮ್ಮ ಎಸ್.ಎಸ್. ಬಡಾವಣೆಯಿಂದ ಹರಿಹರದವರೆಗೆ ರೇಷ್ಮೆ ಸೀರೆಯುಟ್ಟ ಪ್ರೇಮಲತಾ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದಳು. ಚೌರಪ್ಪನ ಮನೆ ಬಾಗಿಲಲ್ಲಿ ಕಾಗದದ ನಕ್ಷತ್ರ ಬೆಳಗುತ್ತಿತ್ತು, ಒಳಗೆ ಬಾಲಯೇಸುವಿನ ಚಂದದ ಗೋದಲಿ. ಊಟದ ಮೇಜಿನ ಮೇಲೆ ಟೀಚರ್ ಎರಡು ದಿನದಿಂದ ತಯಾರಿ ನಡೆಸಿದ್ದ ತುಪ್ಪದ ಪಲಾವ್, ಕುರ್ಮಾ, ಮಾಂಸ ತಿನ್ನುವವರಿಗೆ ಕೋಳಿ ಸಾರು, ಎಲ್ಲವೂ ಮುಚ್ಚಳದಡಿ ಕಾದಿದ್ದವು. ನಾನು ಹಿತ್ತಲಿಗೆ ಹೋಗಿ ಒಲೆ ಹಚ್ಚಿ, ಬಾಣಲೆಯಿಟ್ಟು, ಕಡಲೆಹಿಟ್ಟು ಕಲಸಿದೆ.

ಹೊಳೆಯ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಮೊದಲ ಮಿರ್ಚಿ ಎಣ್ಣೆಗೆ ಬಿದ್ದು ಚೊರ್ರ್ ಎಂದಿತು. ಅರ್ಧ ನಿಮಿಷದಲ್ಲಿ ಚೌರಪ್ಪ ಹಿತ್ತಲ ಬಾಗಿಲಲ್ಲಿ ಪ್ರತ್ಯಕ್ಷನಾದ. ಒಂದು ಕಚ್ಚಿದ, ಹಾ ಹಾ ಎಂದು ಬಾಯಿಗೆ ಗಾಳಿ ಎಳೆದುಕೊಂಡ, ಮೇಲೊಂದು ಹಿಡಿ ಮಂಡಕ್ಕಿ ಎಸೆದುಕೊಂಡ. "ಲೇ ನಿಂಗರಾಜ, ಬಾರೋ ಇಲ್ಲಿ!" ನಿಂಗರಾಜನ ಹಿಂದೆ ಅವನ ಮನೆಯವರು, ಅವರ ಹಿಂದೆ ಇಡೀ ಸಭೆ. ಗೋದಲಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದವರೂ ಎದ್ದು ಬಂದರು.

"ನಂಗೆ ಅಸಿಡಿಟಿ, ಒಂದೇ ಸಾಕು," ಎಂದ ಉಮಾಮಹೇಶ್ವರಿ ಮೇಡಂ ತಟ್ಟೆಗೆ ಕೈ ಅಡ್ಡ ಹಿಡಿದರು. ನಮ್ಮ ಕಡೆ ಅದಕ್ಕೆಲ್ಲ ಹೆದರುವವರುಂಟೇ? ಬೆರಳ ಸಂದಿಯಲ್ಲೇ ಎರಡು ಜಾರಿಸಿದೆ. "ಅಯ್ಯೋ ಬ್ಯಾಡ್ರಿ" ಎಂದರು, ಇನ್ನೆರಡು ಇಟ್ಟೆ. ಮೇಡಂ ಏಳು ತಿಂದರು. ಮೆಣಸಿನಕಾಯಿ ಮುಗಿದಾಗ ಜನರೇ ಟೀಚರ ಬುಟ್ಟಿಯಿಂದ ಈರುಳ್ಳಿ ತಂದು ಹೆಚ್ಚಿಕೊಟ್ಟರು. ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ನಾನು ಕರಿದೇ ಕರಿದೆ. ಎಂಟು ಗಂಟೆಗೆ ಡಬ್ಬಿಯ ತಳ ಕಂಡಿತು. ತಳದ ಶೇಂಗಾವನ್ನೂ ಆರಿಸಿ ತಿಂದರು. ನಾನು ಪ್ರೇಮಲತಾಳ ಕಡೆ ನೋಡಿದೆ. ಅವಳು ಆಕಾಶ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಅಂಥ ಸಂತೋಷ ನಾನು ಪಟ್ಟಿರಲಿಲ್ಲ.

"ಊಟಕ್ಕೆ ಏಳ್ರಿ ಎಲ್ರೂ," ಎಂದು ಟೀಚರ್ ಕರೆದರು. ಯಾರೂ ಏಳಲಿಲ್ಲ. ಚೌರಪ್ಪ ಗೋಡೆಗೊರಗಿ ಹೊಟ್ಟೆ ಸವರಿಕೊಳ್ಳುತ್ತಿದ್ದ. ಟೀಚರ್ ಮುಚ್ಚಳ ತೆಗೆದು, ಒಂದು ಸೌಟೂ ಬೀಳದ ಪಲಾವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಣ್ಣಾ, ಮುಂದಿನ ವರ್ಷ ನೀರಿನ ಕ್ಯಾನು ನಿಮಗೇ."

ನನಗೆ ಬೇಸರವಾಯಿತು ನಿಜ. ಆದರೆ ಸುಳ್ಳು ಯಾಕೆ, ಹೆಮ್ಮೆ ಅದಕ್ಕಿಂತ ಜಾಸ್ತಿಯಾಯಿತು. ಭೂಮಂಡಲದ ಯಾವ ಪಾಕಪ್ರವೀಣನಿಗೆ ಇಂಥ ಪ್ರಶಸ್ತಿಪತ್ರ ಸಿಕ್ಕಿದೆ? ಕರಿಯುವ ಭರದಲ್ಲಿ ಒಂದೂ ಮಿರ್ಚಿ ತಿನ್ನದೆ ಹಸಿದಿದ್ದವನು ನಾನೊಬ್ಬನೇ. ಆದ್ದರಿಂದ ಮೇಜಿಗೆ ಒಂಟಿಯಾಗಿ ಕೂತೆ. ಇಪ್ಪತ್ತೈದು ಜನರ ಉಪಚಾರವನ್ನೆಲ್ಲ ಟೀಚರ್ ನನ್ನೊಬ್ಬನ ಮೇಲೆ ತೀರಿಸಿದರು. ಸಾಕು ಎಂದಷ್ಟೂ ಬಡಿಸಿದರು.

ಹೊರಡುವಾಗ ಟೀಚರ್ ನಮ್ಮ ಡಬ್ಬಿ ತೊಳೆದು ತಂದರು. "ಹಬ್ಬದ ದಿನ ಖಾಲಿ ಪಾತ್ರೆ ಹೆಂಗೆ ಕಳ್ಸೋದು?" ಎಂದು ಅದಕ್ಕೆ ಪಲಾವ್ ತುಂಬತೊಡಗಿದರು. ಪ್ರೇಮಲತಾಳ ಮುಖ ಇದ್ದಕ್ಕಿದ್ದಂತೆ ಅರಳಿತು.

"ತುಂಬ್ರಿ ಟೀಚರ್, ಸಂಕೋಚ ಯಾಕ? ಒತ್ತಿದ್ರೆ ಇನ್ನೂ ನಾಕು ಸೌಟು ಹಿಡೀತೈತೆ," ಎಂದು ತಾನೇ ಸೌಟು ಹಿಡಿದಳು. ಸೋತ ಮೇಲೂ ಎಷ್ಟು ದೊಡ್ಡ ಮನಸ್ಸು ಎಂದು ನನ್ನ ಕಣ್ಣು ತೇವವಾಯಿತು. ಡಬ್ಬಿಯನ್ನು ನಾನೇ ಹೊತ್ತು ಕಾರಿಗಿಟ್ಟೆ. ದಾರಿಯುದ್ದಕ್ಕೂ ಐವತ್ತೆರಡು ಭಾನುವಾರದ ತಿಂಡಿಗಳನ್ನು ಒಂದೊಂದಾಗಿ ಘೋಷಿಸಿದೆ. ಅವಳು ಎಲ್ಲದಕ್ಕೂ ಹೂಂಗುಟ್ಟಿದಳು.

ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಡಬ್ಬಿಗೆ ಕೈಹಾಕಿದರು. ಅದು ಮಿಸುಕಲಿಲ್ಲ.

"ಅಯ್ಯೋ ಪಾಪ. ಯಾರೂ ತಿನ್ಲಿಲ್ಲೇನೋ?"

"ಬಳ್ಕೊಂಡು ತಿಂದ್ರಮ್ಮ! ಇದು ಟೀಚರ್ ಕೊಟ್ಟಿದ್ದು... ಏ ಪ್ರೇಮಾ, ನೀನಾದ್ರೂ ನಿಜ ಹೇಳೇ!"

ಪ್ರೇಮಲತಾ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಡಬ್ಬಿಯ ಪಕ್ಕದಲ್ಲಿ ನಿಂತಳು.

"ಡಬ್ಬಿ ತುಂಬಿ ಬಂದೈತೆ ಅತ್ತೆ. ನಿಮ್ಮ ಕಣ್ಮುಂದೇನೇ ಐತಲ್ಲ, ನಾನ್ಯಾಕ ಸುಳ್ಳು ಹೇಳ್ಲಿ?"